ಎಂಜಿನ್‌ಎಕ್ಸ್, ಅಪಾಚೆ: ಪ್ಯಾಕೇಜ್‌ನಿಂದ ಹಾಕುವುದಾ, ಸೋರ್ಸ್‌ನಿಂದ ಕಂಪೈಲ್ ಮಾಡುವುದಾ?

ಹಾಸನ_ಅಡ್ಮಿನ್:
ಎಲ್ಲರಿಗೂ ನಮಸ್ಕಾರ. ಒಂದು ಸಂಸ್ಥೆಯ ಸರ್ವರ್‌ಗಳ ಜವಾಬ್ದಾರಿ ಹೊಸದಾಗಿ ನನ್ನ ಮೇಲೆ ಬಂದಿದೆ. ಒಟ್ಟು ಮೂರು ಮಷೀನ್. ಎರಡರಲ್ಲಿ ಉಬುಂಟು 20.04 ಮತ್ತು ಎಂಜಿನ್‌ಎಕ್ಸ್ ವೆಬ್ ಸರ್ವರ್. ಮೂರನೆಯದರಲ್ಲಿ ಸೆಂಟ್‌ಒಎಸ್ 7 ಮತ್ತು ಅಪಾಚೆ. ಮೊದಲಿದ್ದವರು ಮೂರರಲ್ಲೂ ವೆಬ್ ಸರ್ವರನ್ನು ಸೋರ್ಸ್‌ನಿಂದ (ಮೂಲ ಕೋಡ್ ತಂದು ತಾವೇ) ಕಂಪೈಲ್ ಮಾಡಿ ಯುಎಸ್‌ಆರ್ ಲೋಕಲ್ ಫೋಲ್ಡರ್ ಅಡಿಯಲ್ಲಿ ಹಾಕಿದ್ದಾರೆ. ಯಾವ ಆಪ್ಷನ್ ಕೊಟ್ಟರು, ಯಾಕೆ ಕೊಟ್ಟರು ಅಂತ ಎಲ್ಲೂ ಬರೆದಿಟ್ಟಿಲ್ಲ.

ಈಗ ಸೆಕ್ಯೂರಿಟಿ ಆಡಿಟ್ ಆಗಿದೆ. ಎಂಜಿನ್‌ಎಕ್ಸ್ 1.20.0 ಹಳೆಯದು, ತಕ್ಷಣ ಅಪ್‌ಗ್ರೇಡ್ ಮಾಡಿ ಅಂತ ವರದಿ ಬಂದಿದೆ. ನಮ್ಮ ಸೀನಿಯರ್ ಒಬ್ಬರು "ಹೊಸ ಟಾರ್‌ಬಾಲ್ (ಮೂಲ ಕೋಡ್‌ನ ಕಟ್ಟು) ಇಳಿಸಿಕೊಂಡು ಮತ್ತೆ ಕಂಪೈಲ್ ಮಾಡು. ಪ್ರೊಡಕ್ಷನ್‌ನಲ್ಲಿ ಪ್ಯಾಕೇಜ್ ಹಾಕಬಾರದು, ಸ್ಪೀಡ್ ಇರಲ್ಲ" ಅನ್ನುತ್ತಾರೆ. ನನಗೆ ಉಬುಂಟುನ ಪ್ಯಾಕೇಜ್ ಹಾಕುವ ಆಪ್ಟ್ ಕಮಾಂಡ್‌ನಿಂದಲೇ ಹಾಕಿಬಿಡೋಣ ಅನಿಸುತ್ತಿದೆ. ಆದರೆ ಆಪ್ಟ್‌ನಲ್ಲಿ ಸಿಗುವುದು 1.18.0. ಅಂದರೆ ಈಗಿರುವುದಕ್ಕಿಂತ ಹಳೆಯದು! ಆಡಿಟ್‌ನವರು ಒಪ್ಪುತ್ತಾರಾ?

ಇನ್ನೆರಡು ವಿಷಯ. ಪುಟಗಳನ್ನು ಕುಗ್ಗಿಸಿ ಕಳಿಸುವ ಬ್ರಾಟ್ಲಿ ಕಂಪ್ರೆಷನ್ ಈಗ ಓಡುತ್ತಿದೆ, ಅದು ಹೋಗಬಾರದು. ವೆಬ್ ಪ್ರೋಟೊಕಾಲ್‌ನ ಹೊಸ ಆವೃತ್ತಿ ಎಚ್‌ಟಿಟಿಪಿ/3 ಬೇಕು ಅಂತಲೂ ಮೇಲಿನವರು ಕೇಳುತ್ತಿದ್ದಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕುಡ್ಲ_ಕರ್ನಲ್:
ಪ್ಯಾಕೇಜ್. ಎರಡನೇ ಮಾತೇ ಇಲ್ಲ ಮಾರಾಯ್ರೆ.

ಮೇಕ್_ಇನ್‌ಸ್ಟಾಲ್:
ಅಷ್ಟು ಸುಲಭ ಅಲ್ಲ. ಸೀನಿಯರ್ ಹೇಳಿದ್ದರಲ್ಲಿ ಅರ್ಥ ಇದೆ. ಸೋರ್ಸ್‌ನಿಂದ ಮಾಡಿದರೆ ನಮಗೆ ಬೇಕಾದ ಮಾಡ್ಯೂಲ್ ಮಾತ್ರ ಒಳಗಿರುತ್ತದೆ. ಆಟೋಇಂಡೆಕ್ಸ್ ಬೇಡ, ಎಸ್‌ಎಸ್‌ಐ ಬೇಡ, ಯುಡಬ್ಲ್ಯುಎಸ್‌ಜಿಐ ಬೇಡ ಅಂದರೆ ಅವು ಬೈನರಿಯಲ್ಲೇ (ಕಂಪೈಲ್ ಆಗಿ ಬರುವ ಪ್ರೋಗ್ರಾಂ ಫೈಲ್‌ನಲ್ಲೇ) ಇರುವುದಿಲ್ಲ. ಇಲ್ಲದ ಕೋಡ್‌ನಲ್ಲಿ ತೂತು ಇರಲು ಸಾಧ್ಯವಿಲ್ಲ. ಪ್ಯಾಕೇಜ್ ಮಾಡುವವರು ಎಲ್ಲರಿಗೂ ಆಗಲಿ ಅಂತ ಎಲ್ಲವನ್ನೂ ತುಂಬಿಸುತ್ತಾರೆ. ಡೆಬಿಯನ್‌ನ ಎಂಜಿನ್‌ಎಕ್ಸ್ ಎಕ್ಸ್‌ಟ್ರಾಸ್ ನೋಡಿ, ಅದರ ಮಾಡ್ಯೂಲ್ ಪಟ್ಟಿ ಎಷ್ಟು ಉದ್ದ ಇದೆ ಅಂತ.

ಡೆಬಿಯನ್_ಅಕ್ಕ:
ಹಾಸನದವರೇ, ಜಗಳಕ್ಕೆ ಮೊದಲು ಒಂದು ಕೆಲಸ ಮಾಡಿ. ಆ ಎಂಜಿನ್‌ಎಕ್ಸ್ ಬೈನರಿಗೆ ಕ್ಯಾಪಿಟಲ್ ವಿ ಆಪ್ಷನ್ ಕೊಟ್ಟು ಓಡಿಸಿ. ಕಂಪೈಲ್ ಮಾಡುವಾಗ ಕೊಟ್ಟ ಆಪ್ಷನ್‌ಗಳೆಲ್ಲ ಅಲ್ಲಿ ಬರುತ್ತವೆ. ಅಪಾಚೆಗೂ ದಾರಿ ಇದೆ. ಅದು ಇನ್‌ಸ್ಟಾಲ್ ಆದ ಜಾಗದಲ್ಲಿ ಬಿಲ್ಡ್ ಅನ್ನುವ ಫೋಲ್ಡರ್ ಇರುತ್ತದೆ, ಅದರೊಳಗೆ ಕಾನ್ಫಿಗ್ ಡಾಟ್ ನೈಸ್ ಅನ್ನುವ ಫೈಲ್. ಕಾನ್ಫಿಗರ್ ಓಡಿಸಿದ ಆಪ್ಷನ್‌ಗಳು ಹಾಗೇ ಅದರಲ್ಲಿ ಉಳಿದಿರುತ್ತವೆ. ಎರಡನ್ನೂ ಇಲ್ಲಿ ಹಾಕಿ.

ಇನ್ನು ಸ್ಪೀಡ್ ವಿಷಯ. ವೆಬ್ ಸರ್ವರ್ ಜಾಸ್ತಿ ಹೊತ್ತು ಮಾಡುವ ಕೆಲಸ ಏನು? ನೆಟ್‌ವರ್ಕ್‌ಗೆ ಕಾಯುವುದು, ಡಿಸ್ಕ್‌ಗೆ ಕಾಯುವುದು, ಹಿಂದಿರುವ ಪಿಎಚ್‌ಪಿ ಅಥವಾ ಜಾವಾಗೆ ಕಾಯುವುದು. ಫೈಲ್ ಕಳಿಸುವ ಕೆಲಸವನ್ನು ಸೆಂಡ್‌ಫೈಲ್ ಮೂಲಕ ಕರ್ನಲ್ ಮಾಡುತ್ತದೆ. ಸಿಪಿಯು ನಿಜವಾಗಿ ದುಡಿಯುವುದು ಟಿಎಲ್‌ಎಸ್‌ನಲ್ಲಿ, ಅಂದರೆ ಎಚ್‌ಟಿಟಿಪಿಎಸ್‌ನ ಗೂಢಲಿಪೀಕರಣದಲ್ಲಿ. ಅಲ್ಲಿ ಆ ಕೆಲಸ ಮಾಡುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ ಓಡುವ ಹೊತ್ತಿನಲ್ಲೇ ಸಿಪಿಯು ಯಾವುದು ಅಂತ ನೋಡಿ ಎಇಎಸ್ ಸೂಚನೆಗಳನ್ನು ಬಳಸಿಕೊಳ್ಳುತ್ತದೆ. ಪ್ಯಾಕೇಜ್‌ನಿಂದ ಬಂದ ಓಪನ್‌ಎಸ್‌ಎಸ್‌ಎಲ್ ಕೂಡ ಹೀಗೇ ಮಾಡುತ್ತದೆ. ಹಾಗಾಗಿ ಕಂಪೈಲ್ ಮಾಡಿದರೆ ಕಣ್ಣಿಗೆ ಕಾಣುವಷ್ಟು ವೇಗ ಸಿಗುತ್ತದೆ ಅನ್ನುವುದು ಹಳೇ ನಂಬಿಕೆ.

ಹುಬ್ಬಳ್ಳಿ_ಹೋಸ್ಟ್:
ಅಕ್ಕಾರು ಹೇಳಿದ್ದು ಖರೆ. ಇನ್ನೊಂದು ಸೇರಿಸುತ್ತೇನ್ರೀ. ಸ್ಪೀಡ್ ಬರಲಿ ಅಂತ, ಆ ಮಷೀನ್‌ನ ಸಿಪಿಯುಗೇ ಹೊಂದಿಸುವ "ಮಾರ್ಚ್ ನೇಟಿವ್" ಫ್ಲ್ಯಾಗ್ ಕೊಟ್ಟು ಕಂಪೈಲ್ ಮಾಡುವವರು ಇದ್ದಾರೆ. ಆಮೇಲೆ ಅದೇ ವರ್ಚುವಲ್ ಮಷೀನ್ ಹಳೆಯ ಸಿಪಿಯು ಇರುವ ಹೋಸ್ಟ್‌ಗೆ ಹೋದರೆ ಪ್ರೊಸೆಸ್ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಬಿದ್ದುಬಿಡುತ್ತದೆ. ಕ್ಲೌಡ್‌ನಲ್ಲಿ ನಿಮ್ಮ ಮಷೀನ್ ನಾಳೆ ಯಾವ ಹೋಸ್ಟ್ ಮೇಲೆ ಎದ್ದೇಳುತ್ತದೆ ಅಂತ ನಿಮ್ಮ ಕೈಯಲ್ಲಿ ಇಲ್ಲ.

ಮೇಕ್_ಇನ್‌ಸ್ಟಾಲ್:
ಸ್ಪೀಡ್ ಬಗ್ಗೆ ನಾನು ಮಾತೇ ಆಡಲಿಲ್ಲ, ಗಮನಿಸಿ. ನನ್ನ ವಾದ ಹಿಡಿತದ್ದು. ಡಿಸ್ಟ್ರೋದವರು (ಡೆಬಿಯನ್, ಉಬುಂಟು ಥರ ಲಿನಕ್ಸ್ ಕಟ್ಟಿ ಹಂಚುವವರು) ಮೂಲ ಕೋಡ್‌ಗೆ ತಮ್ಮ ಪ್ಯಾಚ್ (ತಿದ್ದುಪಡಿ) ಹಚ್ಚುತ್ತಾರೆ. ಯಾವಾಗಲೂ ಒಳ್ಳೆಯದೇ ಆಗುತ್ತದಾ? 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ಗೆ ಒಂದು ಬದಲಾವಣೆ ಮಾಡಿದರು. ಅದರಿಂದ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಭಾಗವೇ ಕೆಟ್ಟಿತು. ಅದು ಹೊರಬಿದ್ದದ್ದು 2008ರ ಮೇ 13ಕ್ಕೆ. ಅಲ್ಲಿಯವರೆಗೆ ಡೆಬಿಯನ್, ಉಬುಂಟು ಮಷೀನ್‌ಗಳಲ್ಲಿ ಹುಟ್ಟಿದ ಕೀಗಳನ್ನು ಊಹಿಸಬಹುದಿತ್ತು. ಮೂಲ ಓಪನ್‌ಎಸ್‌ಎಸ್‌ಎಲ್ ಕಂಪೈಲ್ ಮಾಡಿಕೊಂಡವರಿಗೆ ಏನೂ ಆಗಲಿಲ್ಲ. ಇದು ಸಣ್ಣ ವಿಷಯ ಅಲ್ಲ.

ಡೆಬಿಯನ್_ಅಕ್ಕ:
ಸಣ್ಣ ವಿಷಯ ಅಂತ ನಾನೂ ಹೇಳುವುದಿಲ್ಲ. ಆಗ ಎಷ್ಟೊಂದು ಎಸ್‌ಎಸ್‌ಎಚ್ ಕೀ, ಸರ್ಟಿಫಿಕೇಟ್ ಬದಲಾಯಿಸಬೇಕಾಯಿತು. ಆದರೆ ಎದುರು ಕಡೆಯ ಲೆಕ್ಕವನ್ನೂ ಇಡಿ. 2021ರ ಸೆಪ್ಟೆಂಬರ್‌ನಲ್ಲಿ ಅಪಾಚೆ 2.4.49 ಬಂತು. ಅದರಲ್ಲಿ ಪಾತ್ ಟ್ರಾವರ್ಸಲ್ ತೂತು ಇತ್ತು, ಸಿವಿಇ-2021-41773 (ಸಿವಿಇ ಅಂದರೆ ಭದ್ರತಾ ತೂತಿಗೆ ಕೊಡುವ ದಾಖಲೆ ಸಂಖ್ಯೆ). ಡೈರೆಕ್ಟರಿಗಳಿಗೆ ತಡೆ ಹಾಕಿರದಿದ್ದರೆ ವೆಬ್ ಫೋಲ್ಡರ್ ಆಚೆಗಿನ ಫೈಲ್ ಕೂಡ ಓದಬಹುದಿತ್ತು. ಸರ್ವರ್‌ನಲ್ಲಿ ಸ್ಕ್ರಿಪ್ಟ್ ಓಡಿಸುವ ಸಿಜಿಐ ಆನ್ ಆಗಿದ್ದರೆ ಕಮಾಂಡ್ ಓಡಿಸಬಹುದಿತ್ತು. ಅಕ್ಟೋಬರ್ 4ಕ್ಕೆ 2.4.50 ಕೊಟ್ಟರು, ಆ ದುರಸ್ತಿ ಅರ್ಧಂಬರ್ಧ. 7ನೇ ತಾರೀಕು 2.4.51 ಬಂತು. ಈ ತೊಂದರೆ ಆದದ್ದು ಹೊಸ ಬಿಡುಗಡೆ ಬಂದ ಕೂಡಲೇ ಹಾಕಿಕೊಂಡವರಿಗೆ. ಡೆಬಿಯನ್ ಸ್ಟೇಬಲ್‌ನಲ್ಲಿ ಇದ್ದವರ ಹತ್ತಿರ ಆ ಕೋಡೇ ಇರಲಿಲ್ಲ.

ಕುಡ್ಲ_ಕರ್ನಲ್:
ಆ ವಾರ ನೆನಪಿದೆ. ಲಾಗ್‌ನಲ್ಲಿ ಬರೀ ಪರ್ಸೆಂಟ್ 2ಇ ಪರ್ಸೆಂಟ್ 2ಇ (ಫೋಲ್ಡರ್‌ನಿಂದ ಮೇಲಕ್ಕೆ ಹೋಗುವ ಎರಡು ಚುಕ್ಕಿ) ಅಂತಲೇ ಕಾಣುತ್ತಿತ್ತು. ಸ್ಕ್ಯಾನ್ ಮಾಡುವವರು ಒಂದು ಐಪಿ ಬಿಟ್ಟಿರಲಿಲ್ಲ.

ಫ್ರೆಷರ್_ಮೈಸೂರು:
ಒಂದು ಸಂದೇಹ. ಪ್ಯಾಕೇಜ್‌ನಲ್ಲಿ ಯಾವಾಗಲೂ ಹಳೆಯ ವರ್ಷನ್ ಇರುತ್ತದೆ ಅಂದಮೇಲೆ ಹಳೆಯ ತೂತುಗಳೂ ಇರುತ್ತವೆ ಅಲ್ವಾ? ಅದು ಹೇಗೆ ಸೇಫ್?

ಡೆಬಿಯನ್_ಅಕ್ಕ:
ಒಳ್ಳೆಯ ಪ್ರಶ್ನೆ, ಹಾಸನದವರ ಪ್ರಶ್ನೆಗೂ ಇದೇ ಉತ್ತರ. ಡಿಸ್ಟ್ರೋದವರು ಸಾಮಾನ್ಯವಾಗಿ ವರ್ಷನ್ ಏರಿಸುವುದಿಲ್ಲ. ಹೊಸ ವರ್ಷನ್‌ನಲ್ಲಿ ಬಂದ ಭದ್ರತಾ ತಿದ್ದುಪಡಿಯನ್ನು ಮಾತ್ರ ಬಿಡಿಸಿ ತಂದು ಹಳೆಯ ಕೋಡ್‌ಗೆ ಹಚ್ಚುತ್ತಾರೆ. ಇದನ್ನೇ ಬ್ಯಾಕ್‌ಪೋರ್ಟ್ ಅನ್ನುವುದು.

ಇವರದೇ ಉದಾಹರಣೆ ತಗೊಳ್ಳಿ. 2021ರ ಮೇ ತಿಂಗಳಲ್ಲಿ ಎಂಜಿನ್‌ಎಕ್ಸ್‌ನ ರಿಸಾಲ್ವರ್ (ಹೆಸರಿನಿಂದ ಐಪಿ ಹುಡುಕುವ) ಭಾಗದಲ್ಲಿ ತೂತು ಸಿಕ್ಕಿತು, ಸಿವಿಇ-2021-23017. 0.6.18ರಿಂದ 1.20.0ವರೆಗೆ ಎಲ್ಲದರಲ್ಲೂ ಅದು ಇತ್ತು. ಎಂಜಿನ್‌ಎಕ್ಸ್‌ನವರು 1.20.1 ಮತ್ತು 1.21.0ರಲ್ಲಿ ಸರಿ ಮಾಡಿದರು. ಉಬುಂಟುದವರು ಅದೇ ತಿದ್ದುಪಡಿಯನ್ನು 1.18.0ಗೆ ಹಚ್ಚಿ ಬಿಟ್ಟರು. ಈಗ ನೋಡಿ. ನಿಮ್ಮಲ್ಲಿ ಕಂಪೈಲ್ ಮಾಡಿಟ್ಟಿರುವ 1.20.0ರಲ್ಲಿ ಆ ತೂತು ಇನ್ನೂ ಇದೆ. ಆಪ್ಟ್‌ನಲ್ಲಿ ಸಿಗುವ 1.18.0ರಲ್ಲಿ ಇಲ್ಲ. ನಂಬರ್ ನೋಡಿ ಹಳೆಯದು, ಹೊಸದು ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಕಾನ್ಫಿಗ್‌ನಲ್ಲಿ ರಿಸಾಲ್ವರ್ ಸಾಲು ಇದ್ದರೆ ಮಾತ್ರ ಈ ತೂತು ಮುಟ್ಟುತ್ತದೆ, ಅದನ್ನೂ ನೋಡಿಕೊಳ್ಳಿ. ಆಡಿಟ್‌ನವರಿಗೆ ತೋರಿಸಲು ಆಪ್ಟ್ ಚೇಂಜ್‌ಲಾಗ್ ತೆಗೆಯಿರಿ. ಯಾವ ಸಿವಿಇ ಯಾವ ದಿನ ಸರಿಯಾಯಿತು ಅಂತ ಬರೆದಿರುತ್ತದೆ. ಸೆಂಟ್‌ಒಎಸ್‌ನ ಪ್ಯಾಕೇಜ್ ವ್ಯವಸ್ಥೆ ಆರ್‌ಪಿಎಂ ಕಡೆಯೂ ಚೇಂಜ್‌ಲಾಗ್ ಆಪ್ಷನ್ ಇದೆ.

ಹುಬ್ಬಳ್ಳಿ_ಹೋಸ್ಟ್:
ಆಡಿಟ್ ಬಗ್ಗೆ ನನಗೆ ಸಿಟ್ಟಿದೆ. ಸರ್ಕಾರಿ ಸೈಟ್‌ಗಳಿಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌-ಇನ್ ಪಟ್ಟಿಯಲ್ಲಿರುವ ಆಡಿಟರ್ ಕಡೆಯಿಂದಲೇ ಮಾಡಿಸಬೇಕು, ನಿಯಮ ಒಳ್ಳೆಯದೇ. ಆದರೆ ನಮ್ಮಲ್ಲಿಗೆ ಬಂದ ಒಬ್ಬರು ಸ್ಕ್ಯಾನರ್ ಓಡಿಸಿ, ಬ್ಯಾನರ್‌ನಲ್ಲಿ (ಸರ್ವರ್ ತನ್ನ ಪರಿಚಯ ಹೇಳುವ ಸಾಲಿನಲ್ಲಿ) ಬಂದ ವರ್ಷನ್ ನಂಬರ್ ನೋಡಿ, ಪುಟಗಟ್ಟಲೆ ಕೆಂಪು ಗೆರೆ ಹಾಕಿ ಕೊಟ್ಟರು. ಅದರಲ್ಲಿ ಬಹಳಷ್ಟು ಬ್ಯಾಕ್‌ಪೋರ್ಟ್ ಆಗಿ ಸರಿಹೋದವೇ. ಒಂದೊಂದಕ್ಕೂ ಚೇಂಜ್‌ಲಾಗ್ ಹಚ್ಚಿ ಉತ್ತರ ಬರೆದೆವು, ಒಪ್ಪಿದರು. ಬರೆದು ಕೊಟ್ಟರೆ ಒಪ್ಪುತ್ತಾರ್ರೀ, ಹೆದರಬೇಡಿ.

ಮೇಕ್_ಇನ್‌ಸ್ಟಾಲ್:
ಸರ್ವರ್ ಟೋಕನ್ಸ್ ಆಫ್ ಮಾಡಿದರೆ ಬ್ಯಾನರ್‌ನಲ್ಲಿ ನಂಬರೇ ಬರುವುದಿಲ್ಲ.

ಹುಬ್ಬಳ್ಳಿ_ಹೋಸ್ಟ್:
ಮುಚ್ಚಿಟ್ಟರೆ ತೂತು ಹೋಗುತ್ತದೇನ್ರೀ? ಆಫ್ ಮಾಡಿ, ಬೇಡ ಅನ್ನುವುದಿಲ್ಲ. ಅದನ್ನೇ ಉತ್ತರ ಅಂತ ಕೊಡಬೇಡಿ.

ಹಾಸನ_ಅಡ್ಮಿನ್:
ಅಕ್ಕಾ, ಎರಡೂ ಓಡಿಸಿ ನೋಡಿದೆ. ಎಂಜಿನ್‌ಎಕ್ಸ್‌ನಲ್ಲಿ ಎಸ್‌ಎಸ್‌ಎಲ್, ಎಚ್‌ಟಿಟಿಪಿ/2, ರಿಯಲ್ ಐಪಿ ಇವೆ. ಜೊತೆಗೆ ಆಡ್ ಮಾಡ್ಯೂಲ್ ಅಂತ ಬ್ರಾಟ್ಲಿ ಇದೆ. ಕೊನೆಗೆ ವಿತ್ ಓಪನ್‌ಎಸ್‌ಎಸ್‌ಎಲ್ ಅಂತ ಒಂದು ಪಾತ್ ಇದೆ, ಓಪನ್‌ಎಸ್‌ಎಸ್‌ಎಲ್ 1.1.1ಕೆ. ಇದರ ಅರ್ಥ ಏನು? ಸಿಸ್ಟಮ್‌ನ ಓಪನ್‌ಎಸ್‌ಎಸ್‌ಎಲ್ ಅಂತೂ ಆಪ್ಟ್‌ನಲ್ಲಿ ಅಪ್‌ಡೇಟ್ ಆಗುತ್ತಲೇ ಬಂದಿದೆ.

ಡೆಬಿಯನ್_ಅಕ್ಕ:
ನನಗೆ ಇದೇ ಭಯ ಇತ್ತು. ವಿತ್ ಓಪನ್‌ಎಸ್‌ಎಸ್‌ಎಲ್ ಅಂತ ಸೋರ್ಸ್ ಪಾತ್ ಕೊಟ್ಟರೆ ಎಂಜಿನ್‌ಎಕ್ಸ್ ಆ ಓಪನ್‌ಎಸ್‌ಎಸ್‌ಎಲ್ ಅನ್ನು ತನ್ನೊಳಗೇ ಸ್ಟ್ಯಾಟಿಕ್ ಆಗಿ ಸೇರಿಸಿಕೊಳ್ಳುತ್ತದೆ. ಬೈನರಿ ಹೊರಗಿನ ಯಾವ ಲೈಬ್ರರಿ ಬಳಸುತ್ತದೆ ಅಂತ ತೋರಿಸುವ ಎಲ್‌ಡಿಡಿ ಓಡಿಸಿ ನೋಡಿ, ಓಪನ್‌ಎಸ್‌ಎಸ್‌ಎಲ್‌ನ ಲಿಬ್‌ಎಸ್‌ಎಸ್‌ಎಲ್ ಅನ್ನುವ ಹೆಸರೇ ಬರುವುದಿಲ್ಲ. ಆಪ್ಟ್ ಎಷ್ಟು ಸಲ ಓಪನ್‌ಎಸ್‌ಎಸ್‌ಎಲ್ ಅಪ್‌ಡೇಟ್ ಮಾಡಿದರೂ ನಿಮ್ಮ ವೆಬ್ ಸರ್ವರ್‌ಗೆ ಅದು ತಲುಪಿಲ್ಲ. 1.1.1ಕೆ ಬಂದದ್ದು 2021ರ ಮಾರ್ಚ್‌ನಲ್ಲಿ. ಆ ಸಾಲಿಗೆ ಉಚಿತ ಬೆಂಬಲ ಮುಗಿದದ್ದು 2023ರ ಸೆಪ್ಟೆಂಬರ್ 11ಕ್ಕೆ, ಕೊನೆಯ ಬಿಡುಗಡೆ 1.1.1ಡಬ್ಲ್ಯು. ನಡುವೆ ಬಂದ ಯಾವ ತಿದ್ದುಪಡಿಯೂ ನಿಮ್ಮ ಎಂಜಿನ್‌ಎಕ್ಸ್‌ನಲ್ಲಿ ಇಲ್ಲ.

ಆಡಿಟ್ ವರದಿಯಲ್ಲಿ ಇದು ಬಂದಿದೆಯಾ?

ಹಾಸನ_ಅಡ್ಮಿನ್:
ಇಲ್ಲ. ಎಂಜಿನ್‌ಎಕ್ಸ್ ನಂಬರ್ ಮಾತ್ರ.

ಕುಡ್ಲ_ಕರ್ನಲ್:
ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ತೂತು ಹೊರಬಿದ್ದ ಹೊತ್ತಿನಲ್ಲೂ ಇದೇ ಆಗಿತ್ತು. 2014ರ ಏಪ್ರಿಲ್ 7. ಓಪನ್‌ಎಸ್‌ಎಸ್‌ಎಲ್ 1.0.1ರಿಂದ 1.0.1ಎಫ್‌ವರೆಗೆ ತೂತು, 1.0.1ಜಿಯಲ್ಲಿ ಸರಿ. ಡೆಬಿಯನ್‌ನವರು ಅದೇ ದಿನ ಪ್ಯಾಕೇಜ್ ಬಿಟ್ಟರು. ನಾನಾಗ ಕೆಲಸ ಮಾಡುತ್ತಿದ್ದ ಕಡೆ ಒಂದು ಸರ್ವರ್‌ನಲ್ಲಿ ಅಪ್‌ಡೇಟ್ ಹಾಕಿ, ರೀಸ್ಟಾರ್ಟ್ ಮಾಡಿ, ಎಲ್ಲ ಮುಗಿಯಿತು ಅಂತ ಮೇಲ್ ಕಳಿಸಿ ಆಗಿತ್ತು. ಟೆಸ್ಟ್ ಮಾಡಿದರೆ ಇನ್ನೂ ತೂತು ತೋರಿಸುತ್ತಿದೆ! ನೋಡಿದರೆ ಯಾರೋ ಕಂಪೈಲ್ ಮಾಡಿದ ಎಂಜಿನ್‌ಎಕ್ಸ್, ಒಳಗೆ ತನ್ನದೇ ಓಪನ್‌ಎಸ್‌ಎಸ್‌ಎಲ್. ಆವತ್ತಿನಿಂದ ಯಾವ ಹೊಸ ಮಷೀನ್ ಕೈಗೆ ಬಂದರೂ ನಾನು ಮೊದಲು ಓಡಿಸುವುದು ಎಲ್‌ಡಿಡಿ.

ಕಟ್ಟೆ_ಕಂಟೇನರ್:
ಇಷ್ಟೆಲ್ಲ ಕಷ್ಟ ಯಾಕೆ? ಡಾಕರ್ ಕಂಟೇನರ್‌ನಲ್ಲಿ ಎಂಜಿನ್‌ಎಕ್ಸ್‌ನ ಅಧಿಕೃತ ಇಮೇಜ್ (ಬೇಕಾದ್ದೆಲ್ಲ ಒಟ್ಟಿಗೆ ಕಟ್ಟಿಟ್ಟ ಪೊಟ್ಟಣ) ಇದೆ. ಹಾಕಿ, ಮುಗಿಯಿತು.

ಹುಬ್ಬಳ್ಳಿ_ಹೋಸ್ಟ್:
ಮುಗಿಯುವುದಿಲ್ಲ. ಇಮೇಜ್ ಒಳಗೂ ಡೆಬಿಯನ್ ಅಥವಾ ಆಲ್ಪೈನ್ ಇರುತ್ತದೆ, ಅದರೊಳಗೂ ಓಪನ್‌ಎಸ್‌ಎಸ್‌ಎಲ್ ಇರುತ್ತದೆ. ಇವತ್ತು ಎಳೆದ ಇಮೇಜನ್ನು ಎರಡು ವರ್ಷ ಹಾಗೇ ಓಡಿಸಿದರೆ ಹಾಸನದವರ ಸ್ಥಿತಿಯೇ ಆಗುತ್ತದೆ. ಕಂಪೈಲ್ ಮಾಡಿಟ್ಟ ಸರ್ವರ್ ಹಸು ಕಟ್ಟಿದ ಹಾಗೆ, ದಿನಾ ಹುಲ್ಲು ಹಾಕುವ ಕೈ ಬೇಕು. ಕಂಟೇನರ್‌ಗೂ ಅದೇ ಮಾತು.

ಕಟ್ಟೆ_ಕಂಟೇನರ್:
ಒಪ್ಪಿದೆ, ಇಮೇಜ್ ಆಗಾಗ ಮತ್ತೆ ಬಿಲ್ಡ್ ಮಾಡಬೇಕು. ನಮ್ಮಲ್ಲಿ ವಾರಕ್ಕೊಮ್ಮೆ ಸಿಐ (ಬಿಲ್ಡ್ ಮಾಡುವ ಸ್ವಯಂಚಾಲಿತ ವ್ಯವಸ್ಥೆ) ತಾನೇ ಮಾಡುತ್ತದೆ. ಆದರೆ ಕಂಪೈಲ್ ಮಾಡಲೇಬೇಕಾದವರಿಗೆ ಕಂಟೇನರ್ ಒಳ್ಳೆಯ ದಾರಿ ಅನ್ನುವುದು ನನ್ನ ಮಾತು. ಮಲ್ಟಿ ಸ್ಟೇಜ್‌ನಲ್ಲಿ ಮೊದಲ ಹಂತದಲ್ಲಿ ಜಿಸಿಸಿ ಕಂಪೈಲರ್, ಹೆಡರ್ ಎಲ್ಲ ಹಾಕಿ ಕಂಪೈಲ್. ಎರಡನೇ ಹಂತಕ್ಕೆ ಬೈನರಿ ಮಾತ್ರ. ಪ್ರೊಡಕ್ಷನ್‌ನಲ್ಲಿ ಕಂಪೈಲರ್ ಇರುವುದಿಲ್ಲ. ಏನು ಆಪ್ಷನ್ ಕೊಟ್ಟೆವು ಅಂತ ಡಾಕರ್‌ಫೈಲ್‌ನಲ್ಲೇ ಬರೆದಿರುತ್ತದೆ. ಒಬ್ಬರು ಕೆಲಸ ಬಿಟ್ಟು ಹೋದರೂ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಒಂದು ಎಚ್ಚರ: ಆಲ್ಪೈನ್‌ನಲ್ಲಿ ಸಿ ಲೈಬ್ರರಿಯಾಗಿ ಗ್ಲಿಬ್‌ಸಿ ಇಲ್ಲ, ಮಸ್ಲ್ ಇದೆ. ಡೆಬಿಯನ್‌ನಲ್ಲಿ ಕಂಪೈಲ್ ಮಾಡಿದ ಬೈನರಿ ಅಲ್ಲಿ ಓಡುವುದಿಲ್ಲ.

ಹಳೇ_ಟಾರ್‌ಬಾಲ್:
ಈ ಚರ್ಚೆ ಓದಿ ಹಳೆಯದೆಲ್ಲ ನೆನಪಾಯಿತು. ರೆಡ್ ಹ್ಯಾಟ್ 9ರ ಕಾಲ, 2003-04. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಡಿ ತಂದು ಹಾಕುತ್ತಿದ್ದೆವು. ಒಂದು ಆರ್‌ಪಿಎಂ ಹಾಕಲು ಹೋದರೆ ಅದು ಇನ್ನೊಂದು ಕೇಳುತ್ತದೆ, ಅದು ಮತ್ತೊಂದು ಕೇಳುತ್ತದೆ. ಮನೆಯಲ್ಲಿ ಡಯಲ್ ಅಪ್. ಇಷ್ಟೆಲ್ಲ ಹುಡುಕಿ ಇಳಿಸುವ ಬದಲು ಅಪಾಚೆ ಟಾರ್‌ಬಾಲ್ ಒಂದನ್ನು ಪೆನ್ ಡ್ರೈವ್‌ನಲ್ಲಿ ತಂದು ಕಂಪೈಲ್ ಮಾಡುವುದೇ ಸುಲಭವಾಗಿತ್ತು. ಅಪಾಚೆ ಜೊತೆ ಪಿಎಚ್‌ಪಿ ಕೂಡಿಸಲು, ಮಾಡ್ಯೂಲ್ ಕಟ್ಟುವ ಎಪಿಎಕ್ಸ್‌ಎಸ್ ದಾರಿ ಹಿಡಿಯಬೇಕಿತ್ತು, ಅದನ್ನು ಕಲಿತವನಿಗೆ ಆಫೀಸಿನಲ್ಲಿ ಮರ್ಯಾದೆ ಇತ್ತು. ನಿಮ್ಮ ಸೀನಿಯರ್ ಆ ಕಾಲದವರು ಇರಬಹುದು. ಆಗ ಅವರು ಹೇಳಿದ್ದು ಸರಿಯೇ ಆಗಿತ್ತು. ಅವರಿಗೆ ಎದುರು ಮಾತಾಡುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಫ್ರೆಷರ್_ಮೈಸೂರು:
ಸರ್, ಹಾಗಾದರೆ ಈಗ ನಾನು ಕಂಪೈಲ್ ಮಾಡುವುದು ಕಲಿಯಬೇಕಾ ಬೇಡವಾ? ಇಂಟರ್‌ವ್ಯೂನಲ್ಲಿ ಕೇಳುತ್ತಾರಾ?

ಹಳೇ_ಟಾರ್‌ಬಾಲ್:
ಕಲಿಯಿರಿ. ಇಂಟರ್‌ವ್ಯೂಗಾಗಿ ಬೇಡ. ಲ್ಯಾಪ್‌ಟಾಪ್‌ನಲ್ಲಿ ಒಂದು ವರ್ಚುವಲ್ ಮಷೀನ್ ಹಾಕಿ ಎಂಜಿನ್‌ಎಕ್ಸ್ ಕಂಪೈಲ್ ಮಾಡಿ ನೋಡಿ. ಪಿಸಿಆರ್‌ಇ, ಝಡ್‌ಲಿಬ್, ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗಳು ಯಾಕೆ ಬೇಕು ಅಂತ ಗೊತ್ತಾಗುತ್ತದೆ. ಸರ್ವರ್ ತಾನಾಗಿ ಶುರುವಾಗಲು ಸಿಸ್ಟಮ್‌ಡಿ ಯೂನಿಟ್ ಫೈಲ್ ನೀವೇ ಬರೆಯಬೇಕಾಗುತ್ತದೆ. ಹಳೆಯ ಲಾಗ್ ತೆಗೆಯುವ ಲಾಗ್‌ರೊಟೇಟ್ ನೀವೇ ಹಾಕಬೇಕಾಗುತ್ತದೆ, ಇಲ್ಲದಿದ್ದರೆ ಒಂದು ದಿನ ಡಿಸ್ಕ್ ತುಂಬುತ್ತದೆ. ಯಾವ ಯೂಸರ್ ಹೆಸರಿನಲ್ಲಿ ಓಡಬೇಕು ಅಂತ ನೀವೇ ಯೋಚಿಸಬೇಕು. ಪ್ಯಾಕೇಜ್ ಇವನ್ನೆಲ್ಲ ಸದ್ದಿಲ್ಲದೆ ಮಾಡಿ ಕೊಡುತ್ತದೆ. ಒಮ್ಮೆ ಕೈಯಾರೆ ಮಾಡಿದರೆ ಪ್ಯಾಕೇಜ್‌ನ ಬೆಲೆ ತಿಳಿಯುತ್ತದೆ.

ಮೇಕ್_ಇನ್‌ಸ್ಟಾಲ್:
512 ಎಂಬಿ ರ‍್ಯಾಮ್ ಇರುವ ವಿಪಿಎಸ್‌ನಲ್ಲಿ (ಬಾಡಿಗೆಯ ವರ್ಚುವಲ್ ಸರ್ವರ್‌ನಲ್ಲಿ) ಮಾತ್ರ ಮಾಡಬೇಡಿ. ಎಂಜಿನ್‌ಎಕ್ಸ್ ಚಿಕ್ಕದು, ಆಗಿಬಿಡುತ್ತದೆ. ಪಿಎಚ್‌ಪಿ ಕಂಪೈಲ್‌ಗೆ ಕೈಹಾಕಿದರೆ ಮೆಮೊರಿ ಸಾಲದೆ ಕರ್ನಲ್ ಜಿಸಿಸಿಯನ್ನು ಕೊಂದು ಹಾಕುತ್ತದೆ. ಸ್ವಾಪ್ ಫೈಲ್ ಹಾಕಿಕೊಳ್ಳಿ.

ಬರ್ಲಿನ್_ಬಿಎಸ್‌ಡಿ:
ಇಲ್ಲಿ ಎಲ್ಲರೂ ಎರಡೇ ದಾರಿ ಇರುವ ಹಾಗೆ ಮಾತಾಡುತ್ತಿದ್ದೀರಿ. ಫ್ರೀಬಿಎಸ್‌ಡಿಯಲ್ಲಿ ಪೋರ್ಟ್ಸ್ ಅಂತ ಇದೆ. ಬೇಕಾದ ಆಪ್ಷನ್ ಗುರುತು ಹಾಕಿ ಸೋರ್ಸ್‌ನಿಂದ ಕಟ್ಟಿದರೂ ಕೊನೆಗೆ ಅದು ಪ್ಯಾಕೇಜ್ ಆಗಿಯೇ ದಾಖಲಾಗುತ್ತದೆ. ಅಪ್‌ಗ್ರೇಡ್, ತೆಗೆಯುವುದು ಎಲ್ಲ ಪಿಕೆಜಿ ಮೂಲಕವೇ. ಇನ್ನು ಜೆಂಟೂ. ಎಲ್ಲವನ್ನೂ ಸೋರ್ಸ್‌ನಿಂದ ಕಟ್ಟುವುದಕ್ಕೆ ಹೆಸರಾದ ಅವರೇ 2023ರ ಡಿಸೆಂಬರ್ ಕೊನೆಯಲ್ಲಿ ಬೈನರಿ ಪ್ಯಾಕೇಜ್ ದೊಡ್ಡ ಮಟ್ಟದಲ್ಲಿ ಕೊಡುತ್ತೇವೆ ಅಂತ ಘೋಷಿಸಿದರು.

ಮೇಕ್_ಇನ್‌ಸ್ಟಾಲ್:
ಅದಕ್ಕೇ ನಾನು ಹೇಳುವುದು, ಕಂಪೈಲ್ ಮಾಡುವುದು ಕೆಟ್ಟದ್ದಲ್ಲ, ಲೆಕ್ಕ ಇಡದೆ ಮಾಡುವುದು ಕೆಟ್ಟದ್ದು. ಡೆಬಿಯನ್‌ನಲ್ಲೂ ಆಪ್ಟ್ ಸೋರ್ಸ್, ಬಿಲ್ಡ್ ಡೆಪ್ ಇದೆ. ಅವರ ಸೋರ್ಸ್ ಪ್ಯಾಕೇಜ್ ತಂದು, ನಮಗೆ ಬೇಕಾದ ಆಪ್ಷನ್ ಬದಲಾಯಿಸಿ, ಡೆಬ್ ಫೈಲ್ ಕಟ್ಟಿಕೊಳ್ಳಬಹುದು. ಆಗ ಸಿಸ್ಟಮ್‌ಡಿ ಯೂನಿಟ್, ಲಾಗ್‌ರೊಟೇಟ್ ಎಲ್ಲ ಜೊತೆಗೇ ಬರುತ್ತದೆ. ನಾನು ಮಾಡುವುದು ಹೀಗೆಯೇ. ಬರೀ ಮೇಕ್ ಇನ್‌ಸ್ಟಾಲ್ ಹೊಡೆದು ಎದ್ದು ಹೋಗುವವರನ್ನು ನಾನೂ ಒಪ್ಪುವುದಿಲ್ಲ.

ಡೆಬಿಯನ್_ಅಕ್ಕ:
ಇದನ್ನು ಮೊದಲೇ ಹೇಳಿದ್ದರೆ ನಮಗೆ ಇಷ್ಟು ವಾದವೇ ಇರುತ್ತಿರಲಿಲ್ಲ! ಆದರೂ ಕೇಳುತ್ತೇನೆ. ಸಿವಿಇ ಬಂದ ದಿನ ನೀವು ರಜೆಯಲ್ಲಿದ್ದರೆ ಆ ಡೆಬ್ ಕಟ್ಟುವವರು ಯಾರು? ದೊಡ್ಡ ಡಿಸ್ಟ್ರೋಗಳ ಭದ್ರತಾ ತಂಡಗಳಿಗೆ ಎಷ್ಟೋ ತೂತುಗಳ ಸುದ್ದಿ ಹೊರಬೀಳುವ ಮೊದಲೇ ಗುಟ್ಟಾಗಿ ತಲುಪಿರುತ್ತದೆ. ಸುದ್ದಿ ಬಂದ ಹೊತ್ತಿಗೆ ಪ್ಯಾಕೇಜ್ ತಯಾರಿರುತ್ತದೆ. ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಆನ್ ಇದ್ದರೆ ರಾತ್ರಿ ತಾನೇ ಹಾಕಿಕೊಳ್ಳುತ್ತದೆ. ನಮಗೆ ನಿಮಗೆ ಆ ಸುದ್ದಿ ಮೊದಲೇ ಬರುವುದಿಲ್ಲ.

ಮೇಕ್_ಇನ್‌ಸ್ಟಾಲ್:
ಎಲ್ಲ ಪ್ಯಾಕೇಜ್‌ಗೂ ಆ ಭಾಗ್ಯ ಇಲ್ಲ. ಉಬುಂಟುನಲ್ಲಿ ಎಂಜಿನ್‌ಎಕ್ಸ್ ಉಬುಂಟುದವರೇ ನೋಡಿಕೊಳ್ಳುವ ಮೇನ್ ಭಾಗದಲ್ಲಿದೆ, ಸರಿ. ಹೊರಗಿನ ಮಾಡ್ಯೂಲ್‌ಗಳು ಬಹಳಷ್ಟು ಸಮುದಾಯ ನೋಡಿಕೊಳ್ಳುವ ಯೂನಿವರ್ಸ್ ಭಾಗದಲ್ಲಿವೆ. ಯೂನಿವರ್ಸ್‌ಗೆ ಖಾತ್ರಿಯಾಗಿ ಭದ್ರತಾ ತಿದ್ದುಪಡಿ ಬೇಕು ಅಂದರೆ ಉಬುಂಟು ಪ್ರೊ ಬೇಕು. ಆಪ್ಟ್‌ನಿಂದ ಹಾಕಿದೆ, ಇನ್ನು ನಿಶ್ಚಿಂತೆ ಅಂತ ಮಲಗುವುದೂ ತಪ್ಪು.

ಡೆಬಿಯನ್_ಅಕ್ಕ:
ಆ ಮಾತು ನಿಜ. ಹಾಕಿದ ಪ್ಯಾಕೇಜ್ ಯಾವ ಭಾಗದಿಂದ ಬಂದಿದೆ ಅಂತ ಆಪ್ಟ್ ಪಾಲಿಸಿಯಲ್ಲಿ ನೋಡಬೇಕು.

ಬರ್ಲಿನ್_ಬಿಎಸ್‌ಡಿ:
ಕಂಪ್ರೆಷನ್ ಲೈಬ್ರರಿ ಎಕ್ಸ್‌ಝಡ್ ವಿಷಯ ಯಾರೂ ಎತ್ತಲಿಲ್ಲವಲ್ಲ? 2024ರ ಮಾರ್ಚ್ 29. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಡೆವಲಪರ್ ಎಸ್‌ಎಸ್‌ಎಚ್ ಲಾಗಿನ್ ಸ್ವಲ್ಪ ನಿಧಾನ ಆಗಿದ್ದನ್ನು ಬೆನ್ನುಹತ್ತಿ ಕಂಡುಹಿಡಿದರು. 5.6.0, 5.6.1 ಎರಡರಲ್ಲೂ ಹಿಂಬಾಗಿಲು. ಅದನ್ನು ಬಿಲ್ಡ್‌ನೊಳಗೆ ಎಳೆದು ತರುವ ಎಂ4 ಫೈಲ್ (ಬಿಲ್ಡ್ ಸ್ಕ್ರಿಪ್ಟ್) ಬಿಡುಗಡೆಯ ಟಾರ್‌ಬಾಲ್‌ನಲ್ಲಿ ಇತ್ತು, ಎಲ್ಲರೂ ನೋಡುವ ಗಿಟ್ ಕೋಡ್‌ನಲ್ಲಿ ಇರಲಿಲ್ಲ. ಅಂದರೆ ಟಾರ್‌ಬಾಲ್ ಇಳಿಸಿಕೊಂಡೆ, ಸೋರ್ಸ್ ನನ್ನ ಕಣ್ಣ ಮುಂದೆ ಇದೆ ಅನ್ನುವವರೂ ಅದನ್ನು ಓದಿರುವುದಿಲ್ಲ.

ಮೇಕ್_ಇನ್‌ಸ್ಟಾಲ್:
ಪೂರ್ತಿ ಹೇಳಿ. ಆ ಸ್ಕ್ರಿಪ್ಟ್ ಡೆಬ್ ಅಥವಾ ಆರ್‌ಪಿಎಂ ಕಟ್ಟುತ್ತಿದ್ದಾರಾ ಅಂತ ನೋಡಿಯೇ ಕೆಲಸ ಮಾಡುತ್ತಿತ್ತು. ಕೈಯಾರೆ ಕಂಪೈಲ್ ಮಾಡಿದವರಿಗೆ ಅದು ಹತ್ತುತ್ತಲೇ ಇರಲಿಲ್ಲ. ಎಸ್‌ಎಸ್‌ಎಚ್‌ಗೆ ತಾಗಿದ್ದು ಕೂಡ ಡಿಸ್ಟ್ರೋದವರು ಓಪನ್‌ಎಸ್‌ಎಸ್‌ಎಚ್‌ಗೆ ಸಿಸ್ಟಮ್‌ಡಿ ಪ್ಯಾಚ್ ಹಚ್ಚಿದ್ದರಿಂದ. ಮೂಲ ಓಪನ್‌ಎಸ್‌ಎಸ್‌ಎಚ್‌ಗೆ ಆ ಲೈಬ್ರರಿಯ ಸಂಬಂಧವೇ ಇಲ್ಲ.

ಡೆಬಿಯನ್_ಅಕ್ಕ:
ಸರಿ. ಹಾಗೇ ಡೆಬಿಯನ್ ಸ್ಟೇಬಲ್‌ಗಾಗಲಿ, ರೆಡ್ ಹ್ಯಾಟ್‌ನ ಆರ್‌ಎಚ್‌ಇಎಲ್‌ಗಾಗಲಿ ಅದು ತಲುಪಲಿಲ್ಲ ಅನ್ನುವುದನ್ನೂ ಸೇರಿಸಿ. ಡೆಬಿಯನ್ ಟೆಸ್ಟಿಂಗ್, ಫೆಡೋರಾ ರಾಹೈಡ್, ಓಪನ್‌ಸೂಸೆ ಟಂಬಲ್‌ವೀಡ್ ಇಂಥ, ಹೊಸದು ಬೇಗ ಬರುವ ಕಡೆ ಮಾತ್ರ ಬಂದಿತ್ತು. ಟಾರ್‌ಬಾಲ್ ಕೆಡಿಸುವುದು ಹೊಸದೂ ಅಲ್ಲ. 2011ರಲ್ಲಿ ಎಫ್‌ಟಿಪಿ ಸರ್ವರ್ ವಿಎಸ್‌ಎಫ್‌ಟಿಪಿಡಿ 2.3.4ರ ಟಾರ್‌ಬಾಲನ್ನೇ ಬದಲಾಯಿಸಿ ಹಿಂಬಾಗಿಲು ಇಟ್ಟಿದ್ದರು. ಫೈಲ್ ಅಸಲಿಯಾ ಅಂತ ತಿಳಿಸುವ ಡಿಜಿಟಲ್ ಸಿಗ್ನೇಚರ್ ನೋಡಿದವರು ಬಚಾವ್. ಸೋರ್ಸ್ ದಾರಿ ಹಿಡಿಯುವವರು ಜಿಪಿಜಿ ಸಿಗ್ನೇಚರ್ ನೋಡದೆ ಮೇಕ್ ಹೊಡೆಯಬಾರದು. ಆಪ್ಟ್ ಇದನ್ನು ಪ್ರತಿಸಲವೂ ತಾನೇ ನೋಡುತ್ತದೆ.

ಕುಡ್ಲ_ಕರ್ನಲ್:
ಹಾಸನದವರ ಬ್ರಾಟ್ಲಿ, ಎಚ್‌ಟಿಟಿಪಿ/3 ಪ್ರಶ್ನೆ ಹಾಗೇ ಉಳಿಯಿತು ಮಾರಾಯ್ರೆ. ಅದಕ್ಕೆ ಬನ್ನಿ.

ಉಬುಂಟು 20.04ಕ್ಕೆ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿದಿದೆ. ಹಾಗಾಗಿ ಮೊದಲು 24.04ಕ್ಕೆ ಹೋಗಿ. ಅಲ್ಲಿ ಎಂಜಿನ್‌ಎಕ್ಸ್ 1.24.0 ಸಿಗುತ್ತದೆ, ಬ್ರಾಟ್ಲಿ ಮಾಡ್ಯೂಲ್ ಕೂಡ ಬೇರೆ ಪ್ಯಾಕೇಜ್ ಆಗಿ ಸಿಗುತ್ತದೆ. ಎಚ್‌ಟಿಟಿಪಿ/3 ಸಿಗುವುದಿಲ್ಲ, ಯಾಕೆಂದರೆ ಅದು ಬಂದದ್ದು 1.25.0ರಲ್ಲಿ, 2023ರ ಮೇ ತಿಂಗಳು. ಅದು ಬೇಕೇ ಬೇಕು ಅಂದರೆ ಎಂಜಿನ್‌ಎಕ್ಸ್‌ನವರದೇ ರೆಪೊಸಿಟರಿ ಸೇರಿಸಿ. ಆಗಲೂ ಆಪ್ಟ್‌ನಿಂದಲೇ ಬರುತ್ತದೆ, ಎಚ್‌ಟಿಟಿಪಿ/3 ಒಳಗೇ ಇರುತ್ತದೆ.

ತೊಂದರೆ ಎಲ್ಲಿ ಅಂದರೆ, ಉಬುಂಟುನ ಬ್ರಾಟ್ಲಿ ಮಾಡ್ಯೂಲ್ ಉಬುಂಟುನ ಎಂಜಿನ್‌ಎಕ್ಸ್‌ಗೆ ಮಾತ್ರ ಹೊಂದುತ್ತದೆ. ಎಂಜಿನ್‌ಎಕ್ಸ್‌ನವರ ಪ್ಯಾಕೇಜ್‌ಗೆ ಹಾಕಿದರೆ "ಬೈನರಿ ಕಂಪ್ಯಾಟಿಬಲ್ ಅಲ್ಲ" ಅಂತಲೋ, ವರ್ಷನ್ ಬೇರೆ ಅಂತಲೋ ಬೈದು ಮೇಲೇಳುವುದೇ ಇಲ್ಲ.

ಮೇಕ್_ಇನ್‌ಸ್ಟಾಲ್:
ಅಲ್ಲಿ ನನ್ನ ಕೆಲಸ ಬಂತು. ಬ್ರಾಟ್ಲಿ ಎಂಜಿನ್‌ಎಕ್ಸ್‌ನ ಭಾಗ ಅಲ್ಲ, ಗೂಗಲ್‌ನವರು ಬರೆದ ಹೊರಗಿನ ಮಾಡ್ಯೂಲ್. 1.9.11ರಿಂದ ಎಂಜಿನ್‌ಎಕ್ಸ್‌ನಲ್ಲಿ ಡೈನಾಮಿಕ್ ಮಾಡ್ಯೂಲ್ ಸೌಲಭ್ಯ ಇದೆ. 1.11.5ರಿಂದ ವಿತ್ ಕಂಪ್ಯಾಟ್ ಆಪ್ಷನ್ ಇದೆ. ಪೂರ್ತಿ ಎಂಜಿನ್‌ಎಕ್ಸ್ ಕಂಪೈಲ್ ಮಾಡಬೇಡಿ. ಎಂಜಿನ್‌ಎಕ್ಸ್ ಪ್ಯಾಕೇಜ್‌ನಿಂದಲೇ ಇರಲಿ. ಅದೇ ವರ್ಷನ್‌ನ ಸೋರ್ಸ್ ಇಳಿಸಿ, ವಿತ್ ಕಂಪ್ಯಾಟ್ ಕೊಟ್ಟು, ಮೇಕ್ ಮಾಡ್ಯೂಲ್ಸ್ ಮಾಡಿ. ಬ್ರಾಟ್ಲಿಯ ಡಾಟ್ ಎಸ್‌ಒ ಫೈಲ್ ಮಾತ್ರ ಸಿಗುತ್ತದೆ. ಅದನ್ನು ಮಾಡ್ಯೂಲ್ ಫೋಲ್ಡರ್‌ಗೆ ಹಾಕಿ, ಕಾನ್ಫಿಗ್‌ನ ಮೇಲ್ಗಡೆ ಲೋಡ್ ಮಾಡ್ಯೂಲ್ ಸಾಲು ಬರೆಯಿರಿ. ಓಪನ್‌ಎಸ್‌ಎಸ್‌ಎಲ್ ಸಿಸ್ಟಮ್‌ನದೇ ಇರುತ್ತದೆ, ಆ ಚಿಂತೆ ಹೋಯಿತು.

ಹುಬ್ಬಳ್ಳಿ_ಹೋಸ್ಟ್:
ಎಂಜಿನ್‌ಎಕ್ಸ್ ಅಪ್‌ಡೇಟ್ ಆದಾಗ?

ಮೇಕ್_ಇನ್‌ಸ್ಟಾಲ್:
ಮಾಡ್ಯೂಲ್ ಮತ್ತೆ ಕಟ್ಟಬೇಕು, ಪ್ರತಿ ವರ್ಷನ್‌ಗೂ. ಇಲ್ಲದಿದ್ದರೆ ರೀಸ್ಟಾರ್ಟ್ ಆಗುವುದಿಲ್ಲ. ಅದಕ್ಕೆ ಎಂಜಿನ್‌ಎಕ್ಸ್ ಪ್ಯಾಕೇಜನ್ನು ತಾನಾಗಿ ಏರದಂತೆ ಹೋಲ್ಡ್ ಮಾಡಿಟ್ಟು, ಹೊಸದು ಬಂದಾಗ ಮಾಡ್ಯೂಲ್ ಕಟ್ಟಿ, ಎರಡನ್ನೂ ಒಟ್ಟಿಗೆ ಏರಿಸಬೇಕು.

ಹುಬ್ಬಳ್ಳಿ_ಹೋಸ್ಟ್:
ಹೋಲ್ಡ್ ಮಾಡಿಟ್ಟರೆ ಭದ್ರತಾ ಅಪ್‌ಡೇಟ್ ಕೂಡ ಬರುವುದಿಲ್ಲ. ಮತ್ತೆ ಒಬ್ಬ ಮನುಷ್ಯನ ನೆನಪಿನ ಮೇಲೆ ನಿಂತ ಹಾಗಾಯಿತು. ಹಾಸನದವರೇ, ನೇರ ಕೇಳುತ್ತೇನೆ. ಎಚ್‌ಟಿಟಿಪಿ/3 ನಿಮ್ಮ ಜನರಿಗೆ ನಿಜವಾಗಿ ಬೇಕಾ, ಇಲ್ಲ ಮೇಲಿನವರು ಎಲ್ಲೋ ಓದಿ ಕೇಳಿದ್ದಾ? ಬ್ರಾಟ್ಲಿ ಇದೆ, ಎಚ್‌ಟಿಟಿಪಿ/2 ಇದೆ. ಆಫೀಸಿನಲ್ಲಿ ಇದನ್ನು ನೋಡಿಕೊಳ್ಳುವವರು ನೀವೊಬ್ಬರೇ ಆದರೆ ಉಬುಂಟುನ ಪ್ಯಾಕೇಜ್ ಎರಡನ್ನೇ ಹಾಕಿ. ರಾತ್ರಿ ನಿದ್ದೆ ಬರುತ್ತದೆ.

ಹಾಸನ_ಅಡ್ಮಿನ್:
ನಾನೊಬ್ಬನೇ ಸರ್. ಹಾಗೇ ಮಾಡುತ್ತೇನೆ. ಸೀನಿಯರ್‌ಗೆ ಎಲ್‌ಡಿಡಿ ಔಟ್‌ಪುಟ್ ತೋರಿಸಿದೆ, ಓಪನ್‌ಎಸ್‌ಎಸ್‌ಎಲ್ ವಿಷಯ ಹೇಳಿದೆ. ಒಪ್ಪಿದರು. ಎಚ್‌ಟಿಟಿಪಿ/3 ಆಮೇಲೆ ನೋಡೋಣ ಅಂದರು.

ಕಟ್ಟೆ_ಕಂಟೇನರ್:
ವಿಷಯಾಂತರ, ಕ್ಷಮಿಸಿ. ಅಪಾಚೆಯಲ್ಲಿ ಫೋಲ್ಡರ್ ಪಟ್ಟಿ ತೋರಿಸುವಾಗ ಕನ್ನಡ ಹೆಸರಿನ ಪಿಡಿಎಫ್‌ಗಳೆಲ್ಲ ಚಿತ್ರವಿಚಿತ್ರ ಅಕ್ಷರವಾಗಿ ಬರುತ್ತಿವೆ. ಇದೂ ಕಂಪೈಲ್ ಆಪ್ಷನ್‌ನಿಂದ ಆಗುತ್ತದಾ?

ಕುಡ್ಲ_ಕರ್ನಲ್:
ಅಲ್ಲ, ಬರೀ ಸೆಟ್ಟಿಂಗ್. ಇಂಡೆಕ್ಸ್ ಆಪ್ಷನ್ಸ್ ಸಾಲಿನಲ್ಲಿ ಚಾರ್‌ಸೆಟ್ ಯುಟಿಎಫ್-8 ಅಂತ ಸೇರಿಸಿ. ಎಂಜಿನ್‌ಎಕ್ಸ್ ಆದರೆ ಚಾರ್‌ಸೆಟ್ ಯುಟಿಎಫ್-8 ಅನ್ನುವ ಸಾಲು.

ಕಟ್ಟೆ_ಕಂಟೇನರ್:
ಬಂತು! ಥ್ಯಾಂಕ್ಸ್ ಗುರುಗಳೇ.

ಹಾಸನ_ಅಡ್ಮಿನ್:
ಒಂದು ಟೆಸ್ಟ್ ಮಷೀನ್‌ನಲ್ಲಿ 24.04 ಹಾಕಿ, ಹಳೆಯ ಕಾನ್ಫಿಗ್ ಮತ್ತು ಯುಎಸ್‌ಆರ್ ಲೋಕಲ್ ಎರಡನ್ನೂ ತಂದು ನೋಡುತ್ತಿದ್ದೇನೆ. ಆಪ್ಟ್‌ನಿಂದ ಎಂಜಿನ್‌ಎಕ್ಸ್ ಹಾಕಿದ ಮೇಲೂ ವರ್ಷನ್ ಕೇಳಿದರೆ 1.20.0 ಅಂತಲೇ ಬರುತ್ತಿದೆ. ಯಾಕೆ?

ಡೆಬಿಯನ್_ಅಕ್ಕ:
ಯುಎಸ್‌ಆರ್ ಲೋಕಲ್ ಎಸ್‌ಬಿನ್‌ನಲ್ಲಿ ಹಳೆಯ ಬೈನರಿಗೆ ಸಿಮ್‌ಲಿಂಕ್ (ಅದನ್ನು ತೋರಿಸುವ ಕೊಂಡಿ) ಇದ್ದೇ ಇರುತ್ತದೆ, ನೋಡಿ. ಕಮಾಂಡ್ ಹುಡುಕುವ ಪಾತ್‌ನಲ್ಲಿ ಯುಎಸ್‌ಆರ್ ಲೋಕಲ್ ಮೊದಲು ಬರುತ್ತದೆ, ಆಮೇಲೆ ಯುಎಸ್‌ಆರ್ ಎಸ್‌ಬಿನ್. ಟೈಪ್ ಕಮಾಂಡ್‌ಗೆ ಎ ಆಪ್ಷನ್ ಕೊಟ್ಟರೆ ಎರಡೂ ಕಾಣುತ್ತವೆ. ಸಿಮ್‌ಲಿಂಕ್ ತೆಗೆಯಿರಿ. ಇಟಿಸಿ ಸಿಸ್ಟಮ್‌ಡಿ ಸಿಸ್ಟಮ್ ಫೋಲ್ಡರ್‌ನಲ್ಲಿ ಅವರು ಬರೆದ ಹಳೆಯ ಯೂನಿಟ್ ಫೈಲ್ ಇದೆಯಾ ಅಂತಲೂ ನೋಡಿ. ಇದ್ದರೆ ಪ್ಯಾಕೇಜ್‌ನ ಯೂನಿಟ್ ಬದಲು ಅದೇ ಓಡುತ್ತದೆ. ಕ್ರಾನ್‌ಟ್ಯಾಬ್‌ನಲ್ಲಿ ಲಾಗ್ ತಿರುಗಿಸುವ ಸ್ಕ್ರಿಪ್ಟ್ ಇದ್ದರೆ ಅದನ್ನೂ ತೆಗೆಯಿರಿ, ಪ್ಯಾಕೇಜ್‌ನ ಲಾಗ್‌ರೊಟೇಟ್ ಜೊತೆ ಹೊಡೆದಾಡುತ್ತದೆ.

ಹಾಸನ_ಅಡ್ಮಿನ್:
ಸಿಮ್‌ಲಿಂಕೂ ಇತ್ತು, ಯೂನಿಟ್ ಫೈಲೂ ಇತ್ತು. ಎರಡನ್ನೂ ತೆಗೆದ ಮೇಲೆ 1.24.0 ಬಂತು. ಎಲ್‌ಡಿಡಿಯಲ್ಲಿ ಲಿಬ್‌ಎಸ್‌ಎಸ್‌ಎಲ್ ಕಾಣುತ್ತಿದೆ. ಇನ್ನು ಆ ಸೆಂಟ್‌ಒಎಸ್ 7 ಅಪಾಚೆ ಉಳಿದಿದೆ.

ಹುಬ್ಬಳ್ಳಿ_ಹೋಸ್ಟ್:
ಅಲ್ಲಿ ಯಾಕೆ ಕಂಪೈಲ್ ಮಾಡಿದ್ದರು ಅಂತ ಊಹಿಸಬಹುದು. ಸೆಂಟ್‌ಒಎಸ್ 7ರ ಜೊತೆ ಬರುವ ಅಪಾಚೆ 2.4.6. ಎಚ್‌ಟಿಟಿಪಿ/2 ಮಾಡ್ಯೂಲ್ ಬಂದದ್ದು 2.4.17ರಲ್ಲಿ. ಓಪನ್‌ಎಸ್‌ಎಸ್‌ಎಲ್ 1.0.2 ಆದ್ದರಿಂದ ಟಿಎಲ್‌ಎಸ್ 1.3 ಕೂಡ ಇಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲರೀ, ಅದು ನ್ಯಾಯವಾದ ಕಾರಣ. ಆದರೆ ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿದೆ. ಅಲ್ಮಾಲಿನಕ್ಸ್ 9 ಅಥವಾ ರಾಕಿ 9ರ ಹೊಸ ಮಷೀನ್ ಎಬ್ಬಿಸಿ ಅಲ್ಲಿಗೆ ಸಾಗಿಸಿ. ಪ್ಯಾಕೇಜ್‌ನಲ್ಲೇ ಎಚ್‌ಟಿಟಿಪಿ/2, ಟಿಎಲ್‌ಎಸ್ 1.3 ಎರಡೂ ಇವೆ.

ಒಂದು ಕಡೆ ಹುಷಾರು. ಯುಎಸ್‌ಆರ್ ಲೋಕಲ್‌ನಲ್ಲಿ ಕಂಪೈಲ್ ಮಾಡಿದ ಅಪಾಚೆಗೆ, ಯಾವ ಪ್ರೋಗ್ರಾಂ ಏನು ಮುಟ್ಟಬಹುದು ಅಂತ ಕಟ್ಟು ಹಾಕುವ ಎಸ್‌ಇಲಿನಕ್ಸ್‌ನ ಸರಿಯಾದ ಲೇಬಲ್ ಇರುವುದಿಲ್ಲ. ಹಾಗಾಗಿ ಅದು ಯಾವ ಕಟ್ಟೂ ಇಲ್ಲದೆ ಓಡುತ್ತಿರುತ್ತದೆ. ಪ್ಯಾಕೇಜ್‌ನ ಅಪಾಚೆಗೆ ಕಟ್ಟು ಬೀಳುತ್ತದೆ. ನಿಮ್ಮ ಫೈಲ್‌ಗಳು ಡೇಟಾ ಅಂತ ಬೇರೆ ಫೋಲ್ಡರ್‌ನಲ್ಲಿ ಇದ್ದರೆ ಪರ್ಮಿಷನ್ ಸರಿ ಇದ್ದರೂ 403 (ಅನುಮತಿ ಇಲ್ಲ) ಬರುತ್ತದೆ. ಅಪಾಚೆಯ ಹಿಂದಿರುವ ಜಾವಾ ಸರ್ವರ್ ಟಾಮ್‌ಕ್ಯಾಟ್‌ಗೆ ಪ್ರಾಕ್ಸಿ ಮಾಡುತ್ತಿದ್ದರೆ 503 (ಸೇವೆ ಸಿಗುತ್ತಿಲ್ಲ) ಬರುತ್ತದೆ.

ಹಾಸನ_ಅಡ್ಮಿನ್:
ಎರಡೂ ಇದೆ! ಫೈಲ್‌ಗಳು ಡೇಟಾ ಫೋಲ್ಡರ್‌ನಲ್ಲೇ, ಹಿಂದೆ ಟಾಮ್‌ಕ್ಯಾಟ್ ಕೂಡ ಇದೆ. ಎಸ್‌ಇಲಿನಕ್ಸ್ ಆಫ್ ಮಾಡಿಬಿಡಲಾ?

ಹುಬ್ಬಳ್ಳಿ_ಹೋಸ್ಟ್:
ಬೇಡವೇ ಬೇಡ. ಡೇಟಾ ಫೋಲ್ಡರ್‌ಗೆ ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್‌ನಿಂದ ಎಚ್‌ಟಿಟಿಪಿಡಿ ಸಿಸ್ ಕಂಟೆಂಟ್ ಲೇಬಲ್ ಕೊಟ್ಟು ರಿಸ್ಟೋರ್‌ಕಾನ್ ಓಡಿಸಿ. ಪ್ರಾಕ್ಸಿಗೆ ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್ ಅನ್ನುವ ಬೂಲಿಯನ್ ಆನ್ ಮಾಡಿ, ಕ್ಯಾಪಿಟಲ್ ಪಿ ಆಪ್ಷನ್ ಮರೆಯಬೇಡಿ, ಇಲ್ಲದಿದ್ದರೆ ರೀಬೂಟ್ ಆದಮೇಲೆ ಹೋಗುತ್ತದೆ. ಬಳಕೆದಾರರು ಫೈಲ್ ಅಪ್‌ಲೋಡ್ ಮಾಡುವ ಫೋಲ್ಡರ್ ಇದ್ದರೆ ಅದಕ್ಕೆ ಮಾತ್ರ ಆರ್‌ಡಬ್ಲ್ಯು (ಬರೆಯಲೂ ಬಿಡುವ) ಲೇಬಲ್. ಇನ್ನೂ ಏನಾದರೂ ನಿಂತರೆ ಆಡಿಟ್ ಲಾಗ್‌ನ ಎವಿಸಿ ಸಾಲು (ಎಸ್‌ಇಲಿನಕ್ಸ್ ತಡೆದದ್ದರ ದಾಖಲೆ) ಇಲ್ಲಿ ಹಾಕಿ, ನೋಡೋಣ.